ಮಧ್ಯಾಹ್ನದ ಅಲೆ

ಏನು ಕೆಲಸ ಮಾಡ್ತೀಯ ಅಂತ ಯಾರಾದರೂ ಕೇಳಿದರೆ ಎಣಿಕಪ್ಪ "ಮಿದುಳಿನ ಸಂಶೋಧನೆಯಲ್ಲಿದ್ದೀನಿ" ಅನ್ನುತ್ತಿದ್ದ. ಪೂರ್ತಿ ಸುಳ್ಳೇನಲ್ಲ. ಪೆನ್ಸಿಲ್ ಕಾರ್ಖಾನೆಯ ಕಾವಲುಗಾರ ತಾನು ಸಾಹಿತ್ಯದಲ್ಲಿದ್ದೀನಿ ಅಂದರೆ ಎಷ್ಟು ನಿಜವೋ ಅಷ್ಟು ನಿಜ.

ಅವನ ಅಸಲಿ ಕೆಲಸ ಎಣಿಸುವುದು. ಎಣಿಕಪ್ಪ ಅನ್ನುವ ಹೆಸರನ್ನು ಅಕ್ಕ ಇಟ್ಟಿದ್ದೂ ಅದಕ್ಕೇ. ಆ ಪ್ರಾಂತ್ಯದ ಆಸ್ಪತ್ರೆ, ಕಾಲೇಜು, ಪ್ರಯೋಗಶಾಲೆಗಳಲ್ಲಿ ಕೂತವರು ಕಳೆದ ಮೂವತ್ತು ವರ್ಷಗಳಲ್ಲಿ ಮಿದುಳು, ನರ, ನಿದ್ದೆ, ನೆನಪು, ಮೂರ್ಛೆ ಅಂತ ಎಷ್ಟು ಪ್ರಬಂಧ ಬರೆದರು, ಅವನ್ನು ಲೋಕದ ಬೇರೆ ಬೇರೆ ಕಡೆಯ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಸಲ ಹೆಸರಿಸಿದರು, ಇಷ್ಟನ್ನೂ ಲೆಕ್ಕ ಹಾಕಿ ಕೋಷ್ಟಕಕ್ಕೆ ತುಂಬಿ ವರದಿ ಮಾಡಬೇಕು. ಹೀಗೆ ಹೆಸರಿಸುವುದಕ್ಕೆ ಉಲ್ಲೇಖ ಅನ್ನುತ್ತಾರೆ. ಉಲ್ಲೇಖ ಹೆಚ್ಚಿದ್ದಷ್ಟೂ ಪ್ರಬಂಧದ ಪ್ರಭಾವ ದೊಡ್ಡದು ಅಂತ ವಿಜ್ಞಾನ ಮಂಡಳಿಯ ನಂಬಿಕೆ. ಪ್ರಬಂಧ ಓದಬೇಕು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಅವನೂ ಮೇಲೆ ಬಿದ್ದು ಕೇಳಿರಲಿಲ್ಲ. ಆರುನೂರ ಮೂವತ್ತೊಂಬತ್ತು ಪ್ರಬಂಧಗಳನ್ನು ಒಂದನ್ನೂ ಓದದೆ ಎಣಿಸಿ ಮುಗಿಸಿದ್ದ.

ಮಂಡಳಿಯ ಮೂರನೇ ಮಹಡಿಯಲ್ಲಿ ಅವನಿಗೊಂದು ಕೋಣೆ. ಕಿಟಕಿ ತೆರೆದರೆ ಲಿಫ್ಟಿನ ಯಂತ್ರ ಕಾಣುತ್ತಿತ್ತು. ಯಾರು ಯಾವ ಮಹಡಿಗೆ ಹೋದರು ಅನ್ನುವುದು ಸದ್ದಿನಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಕಂಪ್ಯೂಟರಿನ ಪರದೆಯ ಎಡಗಡೆ ಒಂದು ಹಸಿರು ಗೆರೆ ಮೇಲಿಂದ ಕೆಳಕ್ಕೆ ಇಳಿದಿತ್ತು. ಹಾಗಾಗಿ ಅವನ ಕೋಷ್ಟಕದ ಮೊದಲ ಕಾಲಂ ಸದಾ ಪಾಚಿ ಕಟ್ಟಿದ ಹಾಗೆ ಕಾಣುತ್ತಿತ್ತು. ರಿಪೇರಿಗೆ ಅರ್ಜಿ ಹಾಕಿದ್ದ. ಗುತ್ತಿಗೆಯವರ ಪರದೆ ಗುತ್ತಿಗೆ ಮುಗಿದ ಮೇಲೆ ಸರಿ ಮಾಡೋಣ ಅಂತ ಉತ್ತರ ಬಂದಿತ್ತು.

ಗುತ್ತಿಗೆ ಮುಗಿಯಲು ಆಗ ಇನ್ನು ಹದಿನೆಂಟು ದಿನ.

"ನಿನ್ನ ಸರಾಸರಿ ಎಷ್ಟಯ್ಯಾ?" ಅಂತ ಮಂಡಳಿಯ ನಿರ್ದೇಶಕರು ಕೇಳಿದರು.

"ಪ್ರಬಂಧಕ್ಕೆ ಎರಡು ಪಾಯಿಂಟ್ ಏಳು ಉಲ್ಲೇಖ, ಸಾರ್."

"ಪಕ್ಕದ ಪ್ರಾಂತ್ಯದ್ದು?"

"ಮೂರು, ಸಾರ್."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪರದೆ ನೋಡಿದರು. ಕನ್ನಡಕವಿಲ್ಲದೆ ನೋಡಿದರೆ ಎರಡು ಮೂರಾಗಿ ಕಂಡೀತು ಅನ್ನುವ ಆಸೆಯೋ ಏನೋ.

"ಅಲ್ಲಿನ ನಿರ್ದೇಶಕ ಯಾರು ಗೊತ್ತಾ? ನನ್ನ ಸಹಪಾಠಿ. ಪರೀಕ್ಷೆಲಿ ನನ್ನ ಹಿಂದಿನ ಬೆಂಚಲ್ಲಿ ಕೂತು ನನ್ನದನ್ನ ನೋಡ್ಕೊಂಡು ಪಾಸಾದವನು. ಅವನು ಮೂರು, ನಾನು ಎರಡು ಪಾಯಿಂಟ್ ಏಳಾ?"

"ನೀವಲ್ಲ ಸಾರ್, ಪ್ರಾಂತ್ಯ."

"ಎರಡೂ ಒಂದೇ ಕಣಯ್ಯಾ." ಕನ್ನಡಕ ಮತ್ತೆ ಮೂಗಿಗೆ ಬಂತು. "ನೋಡು, ನಾನು ನೇರವಾಗಿ ಹೇಳಿಬಿಡ್ತೀನಿ. ವರದಿ ಚೆನ್ನಾಗಿ ಬಂದ್ರೆ ನಿನ್ನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಸೋಕೆ ಮೇಲಿನವರನ್ನ ಕೇಳಬಹುದು. ಬರಲಿಲ್ಲ ಅಂದ್ರೆ ಯಾವ ಮುಖ ಇಟ್ಕೊಂಡು ಕೇಳಲಿ? ಕಂಬ ಎತ್ತರ ಇರಬೇಕಪ್ಪ, ಕಂಬ."

ಕಂಬ ಅಂದರೆ ವರದಿಯ ಮುಖಪುಟದ ಚಿತ್ರದಲ್ಲಿನ ಕಂಬ. ತಮ್ಮದು ನೀಲಿ, ಪಕ್ಕದವರದ್ದು ಬೂದು ಅಂತ ಬಣ್ಣ ಆಗಲೇ ನಿಶ್ಚಯವಾಗಿತ್ತು.

ಎಣಿಕಪ್ಪ ಕೋಣೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಈ ಕೆಲಸ ಸಿಗುವ ಮುಂಚೆ ಎಂಟು ತಿಂಗಳು ಅಕ್ಕನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಕೂತಿದ್ದ. ಅಕ್ಕ ಶಾಲೆಮಕ್ಕಳ ಸಮವಸ್ತ್ರ ಹೊಲಿಯುವವಳು. ಮುನ್ನೂರು ಅಂಗಿಗೆ ಐದೈದು ಗುಂಡಿ. ಅದರಲ್ಲೂ ಅವನ ಗುಂಡಿಗಳು ಶಾಲೆ ಶುರುವಾದ ಎರಡನೇ ವಾರಕ್ಕೆಲ್ಲ ಉದುರುತ್ತಿದ್ದವು ಅಂತ ಅಕ್ಕನ ದೂರು. ಮತ್ತೆ ಅಲ್ಲಿಗೆ ಹೋಗಿ ಕೂರುವುದನ್ನು ನೆನೆದರೆ ಬೆರಳ ತುದಿ ತಾನಾಗಿಯೇ ಚುಚ್ಚುತ್ತಿತ್ತು.

ಬೇರೆ ದಾರಿ ಕಾಣದೆ ಅವನು ಕಸದ ಬುಟ್ಟಿಗೆ ಕೈ ಹಾಕಿದ. ಅವನ ಕೋಷ್ಟಕಕ್ಕೊಂದು ಕಸದ ಬುಟ್ಟಿಯಿತ್ತು. ಯಾವ ಸಂಸ್ಥೆಯದ್ದು ಅಂತ ಗುರುತು ಸಿಗದೆ ಕಂಪ್ಯೂಟರು ಪಕ್ಕಕ್ಕೆ ತಳ್ಳಿದ ಬರಹಗಳೆಲ್ಲ ಅದರಲ್ಲಿ ಬಿದ್ದಿರುತ್ತಿದ್ದವು. ಒಂದೊಂದೇ ನೋಡುತ್ತಾ ಹೋದವನಿಗೆ ಮೂರನೇ ದಿನ ಮಧ್ಯಾಹ್ನ ಒಂದು ಪತ್ರ ಸಿಕ್ಕಿತು. ವಿದೇಶದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದ ಹಿಂದೆ ಅಚ್ಚಾದ ಒಂದು ಪುಟದ ಪತ್ರ. ಬರೆದದ್ದು ಒಬ್ಬರೇ. ವಿಳಾಸದಲ್ಲಿ ವಿಭಾಗವಿಲ್ಲ, ಪದವಿಯಿಲ್ಲ, "ಇಇಜಿ ಕೋಣೆ, ಸರ್ಕಾರಿ ಆಸ್ಪತ್ರೆ" ಅಂತಷ್ಟೇ ಇತ್ತು, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಬರೆಸುವ ಕೋಣೆ. ಕೆಳಗೆ ಊರಿನ ಹೆಸರು. ಅವನದೇ ಊರು. ಆ ಆಸ್ಪತ್ರೆ ಅವನ ಬಸ್ಸಿನ ದಾರಿಯಲ್ಲೇ ಇತ್ತು.

ಶೀರ್ಷಿಕೆ: ಮಧ್ಯಾಹ್ನದ ಊಟವಾದ ರೋಗಿಗಳ ಮಿದುಳಿನಲ್ಲಿ ಕಂಡ ಒಂದು ನಿಧಾನ ಅಲೆ.

ಉಲ್ಲೇಖ: ನಾನೂರ ಹನ್ನೆರಡು.

ಎಣಿಕಪ್ಪ ಪರದೆಯನ್ನು ಒರೆಸಿ ನೋಡಿದ. ನಾನೂರ ಹನ್ನೆರಡೇ. ಪ್ರಾಂತ್ಯದ ಮಿಕ್ಕ ಯಾವ ಪ್ರಬಂಧಕ್ಕೂ ಅರವತ್ತು ದಾಟಿರಲಿಲ್ಲ. ಪತ್ರವನ್ನು ಎತ್ತಿ ಕೋಷ್ಟಕಕ್ಕೆ ಹಾಕಿದ ಕೂಡಲೇ ಸರಾಸರಿ ಎರಡು ಪಾಯಿಂಟ್ ಏಳರಿಂದ ಮೂರು ಪಾಯಿಂಟ್ ಮೂರಕ್ಕೆ ಹಾರಿತು. ಅವನೂ ಕುರ್ಚಿಯಿಂದ ಹಾರಿದ. ಪತ್ರ ಒಂದೇ ಪುಟದ್ದು, ಓದಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷವನ್ನು ಅವನು ನಿರ್ದೇಶಕರ ಕೋಣೆಗೆ ಓಡುವುದಕ್ಕೆ ಬಳಸಿದ.

ನಿರ್ದೇಶಕರು ಅವನಿಗೆ ಕೂರಲು ಹೇಳಿದರು. ಹನ್ನೊಂದೂವರೆ ತಿಂಗಳಲ್ಲಿ ಅದು ಮೊದಲ ಸಲ. ಚಹಾ ತರಿಸಿದರು, ಅದೂ ಪಿಂಗಾಣಿ ಬಟ್ಟಲಿನಲ್ಲಿ.

"ಶಹಬ್ಬಾಸ್! ಈ ವಿಜ್ಞಾನಿ ಎಲ್ಲಿದ್ದಾರೋ ಹುಡುಕು. ವರದಿ ಬಿಡುಗಡೆ ದಿನ ವೇದಿಕೆ ಮೇಲೆ ಕೂರಿಸೋಣ. ನಮ್ಮ ಪ್ರಾಂತ್ಯದ ಅತ್ಯಂತ ಪ್ರಭಾವಶಾಲಿ ನರವಿಜ್ಞಾನಿ! ಸಹಪಾಠಿಯನ್ನೂ ಕರೀತೀನಿ. ಮುಂದಿನ ಸಾಲಲ್ಲಿ ಕೂರಲಿ ಅವನು."

"ಗುತ್ತಿಗೆ ವಿಷಯ ಸಾರ್..."

"ಅದು ಆಯ್ತು ಅಂತ್ಲೇ ತಿಳ್ಕೋ."

ಮಾರನೇ ದಿನ ಎಣಿಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಇಇಜಿ ಕೋಣೆಯ ತಂತ್ರಜ್ಞ ಪತ್ರದ ಮೇಲಿನ ಹೆಸರು ನೋಡಿ ನಕ್ಕುಬಿಟ್ಟ.

"ಓ, ತಂತಿಯಮ್ಮ! ನನಗೆ ಕೆಲಸ ಕಲಿಸಿದವರು ಅವರೇ. ಆರು ವರ್ಷ ಆಯ್ತು ನಿವೃತ್ತಿಯಾಗಿ. ಹಿಂದಿನ ಬೀದಿ, ಕಿಟಕಿ ತುಂಬಾ ಇಸ್ತ್ರಿಪೆಟ್ಟಿಗೆ ಇರೋ ಮನೆ. ಅದ್ಸರಿ, ವಿಜ್ಞಾನಿ ಅಂದ್ರಲ್ಲ, ಅದ್ಯಾರು?"

ಮನೆ ಸುಲಭವಾಗಿ ಸಿಕ್ಕಿತು. ಬಾಗಿಲ ಪಕ್ಕದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಇಸ್ತ್ರಿಪೆಟ್ಟಿಗೆ, ಮಿಕ್ಸರ್, ಟೇಬಲ್ ಲ್ಯಾಂಪ್ ರಿಪೇರಿ ಮಾಡಲಾಗುವುದು. ಫ್ಯಾನ್ ತೆಗೆದುಕೊಳ್ಳುವುದಿಲ್ಲ.

ಒಳಗೆ ಒಬ್ಬ ದಪ್ಪ ಹೆಂಗಸು ಕಿಟಕಿಯ ಬೆಳಕಿಗೆ ಕೂತು ಒಂದು ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಬಿಚ್ಚಿದ್ದಳು. ವಯಸ್ಸು ಅರವತ್ತು ದಾಟಿತ್ತು. ಕನ್ನಡಕದ ಒಂದು ಕಾಲಿಗೆ ಕೆಂಪು ತಂತಿ ಸುತ್ತಿತ್ತು. ಎಣಿಕಪ್ಪ ಬಾಯಿ ತೆರೆಯುವ ಮುಂಚೆಯೇ ಅವನನ್ನು ಕುತ್ತಿಗೆಯಿಂದ ಮೇಲಕ್ಕೆ ಒಮ್ಮೆ ನೋಡಿದಳು.

"ಐವತ್ತೇಳು ಸೆಂಟಿಮೀಟರ್," ಅಂದಳು.

"ಏನಮ್ಮಾ?"

"ನಿನ್ನ ತಲೆ ಸುತ್ತಳತೆ. ಬಾ ಇಲ್ಲಿ." ಜೇಬಿನಿಂದ ಟೇಪು ತೆಗೆದು ಅವನ ಹಣೆಗೆ ಸುತ್ತಿಯೇ ಬಿಟ್ಟಳು. "ಐವತ್ತೇಳೂವರೆ. ಅರ್ಧ ಸೆಂಟಿಮೀಟರ್ ಬರೀ ಕೂದಲು. ಮೂವತ್ತೊಂಬತ್ತು ವರ್ಷ ಇದೇ ಮಾಡಿದ್ದು. ಹತ್ತತ್ರ ಇಪ್ಪತ್ತು ಸಾವಿರ ತಲೆ ಮುಟ್ಟಿದ್ದೀನಿ. ಒಳಗೆ ಏನಿದೆ ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ ನೋಡು. ಏನು ತಂದಿದ್ದೀಯ, ಇಸ್ತ್ರಿನಾ ಮಿಕ್ಸರಾ?"

ಎಣಿಕಪ್ಪ ಪತ್ರದ ಪ್ರತಿಯನ್ನು ಚಾಚಿದ. ತಂತಿಯಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು. ಆಮೇಲೆ ದೂರ ಹಿಡಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡು ಅವನು ಗಾಬರಿಯಾದ. ಅವಳು ನಗುತ್ತಿದ್ದಳು.

"ಯಾರದು?" ಒಳಕೋಣೆಯಿಂದ ಗಂಡಸಿನ ದನಿ. ಅವಳ ಗಂಡ, ಬಸ್ ಓಡಿಸಿ ನಿವೃತ್ತನಾದವನು, ಮಂಚದ ಮೇಲೆ ಅಡ್ಡಾಗಿದ್ದ.

"ನನ್ನ ಅಲೆ ಹುಡುಕ್ಕೊಂಡು ಬಂದಿದ್ದಾರೆ, ರೀ!"

"ಇನ್ನೂ ಬರ್ತಾ ಇದ್ದಾರಾ?" ಅಂದ ಗಂಡ. ಮಗ್ಗುಲು ಬದಲಿಸಿದ ಸದ್ದು ಕೇಳಿತು.

"ಕೂತ್ಕೊಳಪ್ಪ," ಅಂದಳು ತಂತಿಯಮ್ಮ. "ಪತ್ರ ಓದಿದ್ದೀಯಾ?"

"ಶೀರ್ಷಿಕೆ ಓದಿದ್ದೀನಿ."

"ಜಾಣ."

ಮತ್ತೆ ಸ್ಕ್ರೂ ಬಿಚ್ಚುತ್ತಾ ಹೇಳತೊಡಗಿದಳು. ಹತ್ತೊಂಬತ್ತನೇ ವಯಸ್ಸಿಗೆ ಆಸ್ಪತ್ರೆಗೆ ಸೇರಿದ್ದು, ಕಾಗದಪತ್ರ ಹೊತ್ತು ಕೋಣೆಯಿಂದ ಕೋಣೆಗೆ ಓಡಾಡುವ ಕೆಲಸಕ್ಕೆ. ಆ ವರ್ಷವೇ ಇಇಜಿ ಯಂತ್ರ ಬಂತು. ಆಗಿನ ಯಂತ್ರದಲ್ಲಿ ಮಿದುಳಿನ ಅಲೆಗಳನ್ನು ಹದಿನಾರು ಪೆನ್ನುಗಳು ಓಡುವ ಕಾಗದದ ಮೇಲೆ ಗೀಚುತ್ತಿದ್ದವು. ಮಸಿ ಕಟ್ಟಿ ಪೆನ್ನು ನಿಂತುಹೋದರೆ ಡಾಕ್ಟರುಗಳು ಯಂತ್ರವನ್ನು ಬೈದು ಹೋಗುತ್ತಿದ್ದರು. ಕಾಗದ ಕೊಡಲು ಹೋದವಳು ಒಂದು ದಿನ ಸೆರಗಿನ ಸೂಜಿಪಿನ್ನಿನಿಂದ ಪೆನ್ನು ಬಿಡಿಸಿಕೊಟ್ಟಳು. ಅವತ್ತಿನಿಂದ ಆ ಕೋಣೆ ಅವಳದಾಯಿತು. ತಲೆ ಅಳೆಯುವುದು, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು, ಪೇಸ್ಟು ಹಚ್ಚಿ ಇಪ್ಪತ್ತೊಂದು ತಂತಿ ಅಂಟಿಸುವುದು, ಅಳುವ ಮಕ್ಕಳಿಗೆ "ನಿನ್ನ ತಲೆಗೆ ಬಣ್ಣದ ಜಡೆ ಹಾಕ್ತಿದ್ದೀನಿ" ಅಂತ ಪುಸಲಾಯಿಸುವುದು, ಮುಗಿದ ಮೇಲೆ ಬಿಸಿನೀರಲ್ಲಿ ಪೇಸ್ಟು ಒರೆಸುವುದು. ದೊಡ್ಡವರೂ ಹೆದರುತ್ತಿದ್ದರು. ತಾವು ಅಂದುಕೊಂಡದ್ದೆಲ್ಲ ಕಾಗದದ ಮೇಲೆ ಬರುತ್ತದೆ ಅಂತ ಒಬ್ಬ ಮೇಷ್ಟ್ರು ಪರೀಕ್ಷೆ ಪೂರ್ತಿ ಮಗ್ಗಿ ಹೇಳಿಕೊಂಡಿದ್ದರಂತೆ.

"ಕಾಗದ ನೋಡಿ ನೋಡಿ ನನಗೂ ಅಲೆ ಗೊತ್ತಾಗೋಕೆ ಶುರುವಾಯ್ತು. ಒಂದು ವರ್ಷ ಏನು ಕಂಡೆ ಅಂದ್ರೆ, ಬೆಳಿಗ್ಗೆ ಬಂದವರ ಕಾಗದ ಸರಿಯಾಗಿರ್ತಿತ್ತು. ಊಟ ಆದ್ಮೇಲೆ ಬಂದವರಲ್ಲಿ ಒಂದು ನಿಧಾನ ಅಲೆ. ಸೆಕೆಂಡಿಗೊಂದು, ತೊಟ್ಟಿಲು ತೂಗಿದ ಹಾಗೆ. ಒಬ್ಬರಲ್ಲ ಇಬ್ಬರಲ್ಲ, ಮೂವತ್ತೊಂದು ಜನ! ಊಟ ಮಾಡಿದ್ರೆ ಮಿದುಳು ತೂಗ್ತದೆ ಅಂತ ನನ್ನ ತಲೆಗೆ ಹೊಳೀತು. ದೊಡ್ಡ ಡಾಕ್ಟರಿಗೆ ತೋರಿಸ್ದೆ. ಬರಿ ಅಂದ್ರು. ಬರ್ದೆ, ಅವರು ಭಾಷೆ ತಿದ್ದಿಕೊಟ್ರು. ನಿಮ್ಮ ಹೆಸರೂ ಹಾಕಿ ಸಾರ್ ಅಂದ್ರೆ, ಬೇಡಮ್ಮ, ಇದು ಪೂರ್ತಿ ನಿನ್ನದೇ ಅಂದ್ರು. ಎಂಥಾ ದೊಡ್ಡ ಮನಸ್ಸು ಅಂದ್ಕೊಂಡೆ. ಎಂಥಾ ಬುದ್ಧಿವಂತ ಅಂತ ಆಮೇಲೆ ಗೊತ್ತಾಯ್ತು."

"ಯಾಕಮ್ಮಾ?"

"ಅಚ್ಚಾಗಿ ಏಳೆಂಟು ತಿಂಗಳಾಗಿತ್ತು. ಒಂದು ವಾರ ಅಲೆ ಯಾರಲ್ಲೂ ಬರಲಿಲ್ಲ. ಊಟ ಮಾಡ್ಕೊಂಡು ಬಾ ಅಂತ ವಾಪಸ್ ಕಳಿಸಿ ಕರೆಸ್ದೆ, ಆದ್ರೂ ಇಲ್ಲ. ಏನು ಬದಲಾಯ್ತು ಅಂತ ತಲೆ ಎತ್ತಿ ನೋಡ್ತೀನಿ, ಸೂರಲ್ಲಿ ಫ್ಯಾನಿಲ್ಲ. ರಿಪೇರಿಗೆ ಒಯ್ದಿದ್ರು."

ಎಣಿಕಪ್ಪನ ಐವತ್ತೇಳೂವರೆ ಸೆಂಟಿಮೀಟರಿನೊಳಗೆ ಏನೋ ನಿಧಾನವಾಗಿ ತೂಗತೊಡಗಿತು. ಬಾಗಿಲ ಪಕ್ಕದ ಹಲಗೆ ಕಣ್ಣ ಮುಂದೆ ಬಂತು.

"ಬೆಳಿಗ್ಗೆ ಆ ಕೋಣೆ ತಣ್ಣಗಿರ್ತಿತ್ತು, ಫ್ಯಾನ್ ಹಾಕ್ತಿರಲಿಲ್ಲ. ಊಟ ಆದ್ಮೇಲೆ ಸೆಕೆ. ನಾನೇ ನನ್ನ ಕೈಯಾರೆ ಹಾಕ್ತಿದ್ದೆ. ಗಾಳಿಗೆ ತಂತಿಗಳು ತೂಗ್ತಿದ್ವು. ತಂತಿ ಅಲ್ಲಾಡಿದ್ರೂ ಯಂತ್ರ ಅದನ್ನ ಮಿದುಳಿನ ಅಲೆ ಅಂತ್ಲೇ ಬರೀತದೆ, ಅದಕ್ಕೇನು ಗೊತ್ತು ಪಾಪ. ಫ್ಯಾನ್ ವಾಪಸ್ ಬಂದ್ಮೇಲೆ ಒಂದು ಸ್ಪಾಂಜನ್ನ ಉಪ್ಪುನೀರಲ್ಲಿ ಅದ್ದಿ, ಮಂಚದ ಮೇಲೆ ಮಲಗಿಸಿ, ಇಪ್ಪತ್ತೊಂದು ತಂತಿ ಅಂಟಿಸಿ ಫ್ಯಾನ್ ಹಾಕ್ದೆ. ಸ್ಪಾಂಜಿಗೂ ಮಧ್ಯಾಹ್ನದ ಅಲೆ ಬಂತು! ಅದು ಊಟವೇ ಮಾಡಿರಲಿಲ್ಲ."

"ಆಮೇಲೆ ಏನು ಮಾಡಿದ್ರಿ?"

"ಇನ್ನೇನು ಮಾಡ್ತಾರೆ? ಇನ್ನೊಂದು ಪತ್ರ ಬರ್ದೆ. ಅಲೆ ಮಿದುಳಿಂದಲ್ಲ, ಫ್ಯಾನಿಂದು, ನನ್ನ ತಪ್ಪು ಅಂತ. ಕೊನೇ ಪುಟದ ಮೂಲೇಲಿ ಹಾಕಿದ್ರು. ಅದನ್ನ ಎಷ್ಟು ಜನ ಹೆಸರಿಸಿದ್ದಾರೆ, ನೋಡು?"

ಅವನು ಫೋನಿನಲ್ಲಿ ನೋಡಿದ. "ಮೂರು."

ಒಳಗಿಂದ ಗಂಡನ ನಗೆ ಕೇಳಿಸಿತು. ನಿದ್ದೆ ಬಂದಿರಲಿಲ್ಲ ಅಂತಾಯಿತು.

ಎಣಿಕಪ್ಪನಿಗೆ ಮಾತ್ರ ನಗು ಬರಲಿಲ್ಲ. ವೇದಿಕೆ, ಕಂಬ, ಸಹಪಾಠಿ, ಗುತ್ತಿಗೆ ಎಲ್ಲವನ್ನೂ ಅವಳ ಮುಂದೆ ಬಿಡಿಸಿಟ್ಟ. ಪತ್ರವನ್ನು ಲೆಕ್ಕದಿಂದ ತೆಗೆದರೆ ಸರಾಸರಿ ಮತ್ತೆ ಎರಡು ಪಾಯಿಂಟ್ ಏಳು, ತಾನು ಮತ್ತೆ ಗುಂಡಿ. ಇಟ್ಟುಕೊಂಡರೆ ಒಂದು ಫ್ಯಾನಿಗೆ ಸನ್ಮಾನ.

"ನಾನು ಏನು ಮಾಡಲಿ ನೀವೇ ಹೇಳಿ," ಅಂದ.

"ನಾನ್ಯಾಕೆ ಹೇಳಲಿ? ನನ್ನ ತಪ್ಪನ್ನ ನಾನು ಒಪ್ಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ಓದದೆ ಓಡಿದ್ದು ನಿನ್ನ ತಪ್ಪು, ಅದನ್ನ ನೀನು ನೋಡ್ಕೋ." ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಮುಚ್ಚಿ ಪ್ಲಗ್ ಚುಚ್ಚಿದಳು. ಕೆಂಪು ದೀಪ ಹತ್ತಿತು. "ಅಷ್ಟು ಜನ ನನ್ನ ಹೆಸರು ಯಾಕೆ ಎತ್ತಿದ್ದಾರೆ ಅಂತ ಮಾತ್ರ ನನಗೂ ಗೊತ್ತಿಲ್ಲ. ಅದನ್ನ ಓದಿ ಹೇಳು, ಸಂತೋಷ."

ಮನೆಗೆ ಬಂದಾಗ ಅಕ್ಕ ಒಂದು ಚಡ್ಡಿಯ ಅಂಚು ಹೊಲಿಯುತ್ತಿದ್ದಳು. ಎಲ್ಲ ಕೇಳಿ ಯಂತ್ರ ನಿಲ್ಲಿಸಿದಳು.

"ನಿನಗೆ ಗುತ್ತಿಗೆ ಬೇಕೋ ಬೇಡ್ವೋ?"

"ಬೇಕು."

"ಹಾಗಾದ್ರೆ ಬಾಯಿ ಮುಚ್ಕೊಂಡಿರು." ದಾರ ಕತ್ತರಿಸಿದಳು. "ಇರ್ತೀಯಾ?"

"ಇರೋಕಾಗಲ್ಲ ಅನ್ಸತ್ತೆ."

"ಮತ್ತೆ ನನ್ನ ಯಾಕೆ ಕೇಳ್ತೀಯ? ಮಿದುಳಿನ ಕೆಲಸದವನಂತೆ! ಊರವರ ಮಿದುಳೆಲ್ಲ ಎಣಿಸಿದ, ತನ್ನದೊಂದನ್ನ ಬಿಟ್ಟು. ಈ ತುದಿ ಹಿಡ್ಕೋ."

ಅವನು ತುದಿ ಹಿಡಿದುಕೊಂಡ. ಸತ್ಯಸಂಧನಾಗಿ ಹಾಗೆ ಅಂದದ್ದಲ್ಲ ಅಂತ ಅವನಿಗೆ ಗೊತ್ತಿತ್ತು. ವೇದಿಕೆಯ ಮೇಲೆ ತಂತಿಯಮ್ಮ ಮೈಕು ಹಿಡಿದು ಸ್ಪಾಂಜಿನ ಕಥೆ ಹೇಳುವುದನ್ನು, ಮುಂದಿನ ಸಾಲಿನಲ್ಲಿ ಸಹಪಾಠಿ ಹೊಟ್ಟೆ ಹಿಡಿದುಕೊಳ್ಳುವುದನ್ನು, ನಿರ್ದೇಶಕರು ತನ್ನ ಕಡೆ ತಿರುಗುವುದನ್ನು ಅವನು ಬಸ್ಸಿನಲ್ಲೇ ಕಂಡಿದ್ದ. ಹೆದರಿಕೆಯೂ ಕೆಲವು ಸಲ ಒಳ್ಳೆಯ ಕಡೆಗೇ ತಳ್ಳುತ್ತದೆ.

ಮಾರನೇ ದಿನದಿಂದ ಓದಲು ಕೂತ. ನಾನೂರ ಹನ್ನೆರಡು ಪ್ರಬಂಧಗಳನ್ನು ಪೂರ್ತಿ ಅಲ್ಲ, ತಂತಿಯಮ್ಮನ ಪತ್ರದ ಹೆಸರು ಬರುವ ಪ್ಯಾರಾ ಮಾತ್ರ. ಕೋಷ್ಟಕದಲ್ಲಿ ಹೊಸದೊಂದು ಕಾಲಂ ಮಾಡಿ "ಯಾಕೆ ಹೆಸರಿಸಿದರು" ಅಂತ ಬರೆದ. ಮೊದಲ ದಿನ ತಲೆನೋವು, ಎರಡನೇ ದಿನ ನಗು, ಐದನೇ ದಿನ ಊಟ ಮರೆತ. ಹದಿನೆಂಟು ಜನ ಅಲೆ ಇದೆ ಅಂತ ಸುಮ್ಮನೆ ನಂಬಿದ್ದರು. ಒಂಬತ್ತು ಪ್ರಯೋಗಶಾಲೆಗಳವರು ತಮಗೂ ಆ ಅಲೆ ಕಂಡಿತು ಅಂತ ಬರೆದಿದ್ದರು. ಒಂಬತ್ತೂ ಸೆಕೆಯ ಊರುಗಳು. ಮಿಕ್ಕ ಮುನ್ನೂರ ಎಂಬತ್ತೈದು ಮಂದಿ ಎರಡನೇ ಪತ್ರ ಓದಿಯೂ ಮೊದಲನೆಯದನ್ನೇ ಹೆಸರಿಸಿ ಹೇಳಿದ್ದು ಒಂದೇ ಮಾತು: ಹೊಸ ಅಲೆ ಕಂಡರೆ ಮೊದಲು ಕೋಣೆ ನೋಡಿ, ಆಮೇಲೆ ಮಿದುಳು. ಇಂಥ ಕಡೆಯ ಒಬ್ಬ ತಂತ್ರಜ್ಞೆಗೆ ಹೀಗಾಗಿತ್ತು. ಒಂದು ಪ್ರಬಂಧದಲ್ಲಿ ಸ್ಪಾಂಜಿನ ಚಿತ್ರವನ್ನೂ ಹಾಕಿದ್ದರು.

ಗುತ್ತಿಗೆಗೆ ಆರು ದಿನ ಉಳಿದಿದ್ದಾಗ ಅವನು ಹಾಳೆಗಳನ್ನು ನಿರ್ದೇಶಕರ ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಒದರಿದ. ಈ ಸಲ ಯಾರೂ ಕೂರಲು ಹೇಳಲಿಲ್ಲ.

ನಿರ್ದೇಶಕರು ಹಾಳೆಗಳನ್ನು ತಿರುವಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ಅಲ್ಲಯ್ಯಾ, ಇದು ಯಾರಿಗೂ ಗೊತ್ತಾಗಲ್ಲ ತಾನೇ?" ಅಂದರು.

"ಮುನ್ನೂರ ಎಂಬತ್ತೈದು ಜನಕ್ಕೆ ಆಗಲೇ ಗೊತ್ತಿದೆ, ಸಾರ್. ಗೊತ್ತಿಲ್ದೇ ಇದ್ದದ್ದು ನಮಗಿಬ್ಬರಿಗೇ."

"ನಮಗಿಬ್ಬರಿಗೆ ಅನ್ಬೇಡ. ನಿನಗೆ ಅನ್ನು."

ಅಷ್ಟರಲ್ಲಿ ಲಿಫ್ಟು ಮೂರನೇ ಮಹಡಿಗೆ ಬಂದ ಸದ್ದಾಯಿತು. ಬಾಗಿಲಲ್ಲಿ ತಂತಿಯಮ್ಮ ನಿಂತಿದ್ದಳು. ಕೈಯಲ್ಲಿ ಮಂಡಳಿಯ ಆಮಂತ್ರಣ. ಎಣಿಕಪ್ಪ ಓದಿನಲ್ಲಿ ಮುಳುಗಿದ್ದಾಗ ನಿರ್ದೇಶಕರು ಆಸ್ಪತ್ರೆಯಿಂದ ವಿಳಾಸ ತರಿಸಿ ತಾವೇ ಕಳಿಸಿಬಿಟ್ಟಿದ್ದರು.

"ಇದರಲ್ಲಿ ಹಿರಿಯ ನರವಿಜ್ಞಾನಿ ಅಂತ ಬರ್ದಿದ್ದೀರಿ," ಅಂದಳು. "ಹಿರಿಯ ಅನ್ನೋದು ಸರಿಯಾಗಿದೆ. ಮಿಕ್ಕಿದ್ದನ್ನ ಹೊಡೆದುಹಾಕಿ. ನಾನು ಬರಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ."

ಅವಳು ತಾನಾಗಿಯೇ ಕುರ್ಚಿ ಎಳೆದುಕೊಂಡು ಕೂತಳು. ಎಣಿಕಪ್ಪನ ಹಾಳೆಗಳು ಕಣ್ಣಿಗೆ ಬಿದ್ದವು. ತೆಗೆದು ಓದಿದಳು. ಒಂದನೇ ಹಾಳೆ, ಎರಡನೇದು. ಸ್ಪಾಂಜಿನ ಚಿತ್ರಕ್ಕೆ ಬಂದಾಗ ಕೈ ನಿಂತಿತು. ಈ ಸಲ ಅವಳು ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ನನ್ನನ್ನ ಆಡ್ಕೊಂಡು ನಗ್ತಿದ್ದಾರೆ ಅಂದ್ಕೊಂಡಿದ್ದೆ. ಇವರು ಕಲಿಸೋಕೆ ಇಟ್ಕೊಂಡಿದ್ದಾರೆ."

"ಹೌದಮ್ಮಾ," ಅಂದ ಎಣಿಕಪ್ಪ.

"ಇಷ್ಟು ಜನ ತಲೆ ಎತ್ತಿ ತಮ್ಮ ತಮ್ಮ ಸೂರು ನೋಡಿದ್ದಾರೆ." ನಿರ್ದೇಶಕರ ಕಡೆ ತಿರುಗಿದಳು. "ಪ್ರಭಾವ ಅಂತ ಎಣಿಸ್ತೀರಂತಲ್ಲ, ಸ್ವಾಮಿ. ಇದು ಪ್ರಭಾವ ಅಲ್ದೆ ಮತ್ತೇನು? ನನ್ನ ಪತ್ರಾನ ಲೆಕ್ಕದಿಂದ ತೆಗೀಬೇಡಿ. ತಪ್ಪು ಅಂತ ಮುಚ್ಚಿಡಲೂಬೇಡಿ. ಎರಡೂ ಪತ್ರ ಹಾಕಿ, ಏನಾಯ್ತು ಅಂತ ಬರೀರಿ. ಮೂರು ಪಾಯಿಂಟ್ ಏನೋ ಅಂತಿದ್ದ ಈ ಹುಡುಗ, ಅದನ್ನೂ ಹಾಕಿ. ನನ್ನನ್ನ ಬಿಟ್ಟರೆ ಎಷ್ಟು ಅಂತಾನೂ ಹಾಕಿ."

"ಟಿಪ್ಪಣಿ ಮಾಡಿ ಹಾಕಬಹುದು," ಅಂದರು ನಿರ್ದೇಶಕರು, ಮನಸ್ಸಿಲ್ಲದ ಮನಸ್ಸಿನಿಂದ. "ಸಣ್ಣ ಅಕ್ಷರದಲ್ಲಿ."

"ದೊಡ್ಡ ಅಕ್ಷರದಲ್ಲಿ. ನನಗೆ ಕಣ್ಣು ಕಾಣಲ್ಲ."

"ಆದ್ರೆ ಪಕ್ಕದವನು ಮೂರು ಇದ್ದಾನಲ್ಲಮ್ಮಾ! ನಮ್ಮದು ಎರಡು ಪಾಯಿಂಟ್ ಏಳು ಅಂತ ನಾವೇ ಬರ್ಕೊಂಡ್ರೆ..."

"ಅವರ ಮೂರನ್ನ ಯಾರಾದ್ರೂ ಓದಿದ್ದಾರಾ?" ಅಂತ ತಂತಿಯಮ್ಮ ಕೇಳಿದಳು. "ಅದರಲ್ಲಿ ಎಷ್ಟು ಫ್ಯಾನಿದೆಯೋ ಯಾರಿಗೆ ಗೊತ್ತು?"

ನಿರ್ದೇಶಕರ ಮುಖದಲ್ಲಿ ಬೆಳಕು ಮೊದಲು ಹುಬ್ಬಿನ ಹತ್ತಿರ ಕಾಣಿಸಿಕೊಂಡು, ಆಮೇಲೆ ಕೆನ್ನೆಗಿಳಿದು, ಕೊನೆಗೆ ಮೀಸೆಯವರೆಗೂ ಬಂತು. ಪರೀಕ್ಷೆಯ ಕೋಣೆ, ಹಿಂದಿನ ಬೆಂಚು ಅವರ ಕಣ್ಣ ಮುಂದೆ ಬಂದಿರಬೇಕು.

"ಲೇ," ಅಂದರು. ಅಷ್ಟು ಪ್ರೀತಿಯಿಂದ ಅವರು ಯಾವತ್ತೂ ಅವನನ್ನು ಕರೆದಿರಲಿಲ್ಲ. "ಈ ಯಾಕೆ ಹೆಸರಿಸಿದರು ಅನ್ನೋದನ್ನ ಎಲ್ಲಾದಕ್ಕೂ ಮಾಡು. ನಮ್ಮದಕ್ಕೂ, ಅವರದಕ್ಕೂ. ಒಂದೊಂದು ಉಲ್ಲೇಖಾನೂ ಓದು. ಎಷ್ಟಾಗ್ತದೆ?"

ಎಣಿಕಪ್ಪ ಮನಸ್ಸಿನಲ್ಲೇ ಕೂಡಿಸಿದ. "ನಾಲ್ಕು ಸಾವಿರದ ಇನ್ನೂರ ಚಿಲ್ಲರೆ, ಸಾರ್. ದಿನಕ್ಕೆ ಇಪ್ಪತ್ತು ಓದಿದ್ರೆ ರಜಾ ಕಳೆದು ಹತ್ತು ತಿಂಗಳು."

"ವರ್ಷ ಅಂತ ಬರ್ಕೋ. ಮೇಲಿನವರಿಗೆ ಇವತ್ತೇ ಬರೀತೀನಿ, ಇಂಥ ಕೆಲಸ ಯಾವ ಪ್ರಾಂತ್ಯದವರೂ ಮಾಡಿಲ್ಲ ಅಂತ."

ಎಣಿಕಪ್ಪನಿಗೆ ಸಂತೋಷದಲ್ಲಿ ಕಣ್ಣು ಮಂಜಾಯಿತು. ನಾಲ್ಕು ಸಾವಿರದ ಇನ್ನೂರು ಅನ್ನುವುದು ಅದರ ಹಿಂದೆಯೇ ಬಂದು ಇನ್ನಷ್ಟು ಮಂಜಾಯಿತು.

"ಅರ್ಥವಾಗದ್ದಿದ್ರೆ ತಗೊಂಡು ಬಾ," ಅಂದಳು ತಂತಿಯಮ್ಮ, ಏಳುತ್ತಾ. "ನನಗೂ ಅರ್ಥವಾಗಲ್ಲ. ಇಬ್ಬರೂ ಕೂತು ಆಗೋವರೆಗೂ ಓದೋಣ."

ವರದಿ ಬಿಡುಗಡೆಗೆ ಅವಳು ಕೊನೆಗೂ ಬಂದಳು, ಗಂಡನನ್ನು ಕಟ್ಟಿಕೊಂಡು. ವೇದಿಕೆ ಹತ್ತಲು ಒಪ್ಪಲಿಲ್ಲ. ಕೂತಲ್ಲೇ ಎದ್ದು ನಿಂತು ನಾಲ್ಕು ಮಾತು ಹೇಳಿದಳು. ಸಭೆ ಬಿದ್ದು ಬಿದ್ದು ನಕ್ಕಿತು, ಆಮೇಲೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿತು. ಮುಖಪುಟದಲ್ಲಿ ನೀಲಿ ಕಂಬ ಎರಡಿದ್ದವು, ಒಂದು ಎತ್ತರ, ಒಂದು ಗಿಡ್ಡ. ನಡುವೆ ದೊಡ್ಡ ಅಕ್ಷರದ ಟಿಪ್ಪಣಿ. ಎಣಿಕಪ್ಪ ಗೋಡೆಗೆ ಒರಗಿ ನಿಂತಿದ್ದ. ಎದೆಯ ಜೇಬಿನಲ್ಲಿ ಒಂದು ವರ್ಷದ ಆದೇಶದ ಕಾಗದ ಮಡಚಿಕೊಂಡಿತ್ತು. ಪಕ್ಕದಲ್ಲಿದ್ದ ಅಕ್ಕ ಅದನ್ನು ಎರಡು ಸಲ ತೆಗೆಸಿ ಓದಿದ್ದಳು, ಕೊನೆಯ ದಿನಾಂಕವನ್ನು ಮೂರು ಸಲ.

ಕಾರ್ಯಕ್ರಮ ಮುಗಿದು ಜನ ಚಹಾದ ಕಡೆ ಹೊರಟಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಬೋಳುತಲೆಯ ದೊಡ್ಡ ಮನುಷ್ಯರೊಬ್ಬರು ಅವನ ಹತ್ತಿರ ಬಂದರು. ಪಕ್ಕದ ಪ್ರಾಂತ್ಯದ ನಿರ್ದೇಶಕರು.

"ನೀವೇ ಏನ್ರೀ ಈ ಉಲ್ಲೇಖ ಓದೋವ್ರು?"

"ಹೌದು ಸಾರ್."

"ನಮ್ಮದನ್ನೂ ಓದ್ತೀರಂತೆ?"

"ಓದ್ತೀನಿ ಸಾರ್. ಸೋಮವಾರದಿಂದ ಶುರು."

ಅವರು ಚಹಾದ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಸುತ್ತ ನೋಡಿ ಹತ್ತಿರ ಬಾಗಿದರು.

"ಎಲ್ಲಾನೂ?"

"ಎಲ್ಲಾನೂ ಸಾರ್," ಅಂದ ಎಣಿಕಪ್ಪ. "ವರ್ಷ ಇದೆಯಲ್ಲ."